ಇನ್ನೂ ಬಾರದ ಕಾಯಿಲೆಗೊಂದು ಕಾನೂನು

ಆರೋಗ್ಯ ವಿಮೆಯ ಅರ್ಜಿಯಲ್ಲಿ ಒಂದು ಕಾಲಂ ಇರುತ್ತದೆ. ತಂದೆ, ತಾಯಿ, ಒಡಹುಟ್ಟಿದವರಲ್ಲಿ ಯಾರಿಗಾದರೂ ಹೃದ್ರೋಗ, ಸಕ್ಕರೆ ಕಾಯಿಲೆ, ಕ್ಯಾನ್ಸರ್ ಇತ್ತೇ? ಇದ್ದರೆ ಎಷ್ಟನೇ ವಯಸ್ಸಿನಲ್ಲಿ ಬಂತು? ಶಿರಸಿ ಕಡೆಯ ಹೆಗಡೆಕಟ್ಟಾದ ಜಗಲಿಯೊಂದರಲ್ಲಿ ಕೂತು ಏಜೆಂಟರು ಈ ಸಾಲನ್ನು ಓದಿ ಮುಗಿಸುವ ಮೊದಲೇ ಯಜಮಾನರ ಉತ್ತರ ಬಂದಿರುತ್ತದೆ: "ಎಂತದೂ ಇಲ್ಲೆ ಹೇಳಿ ಬರ್ಕ ಮಾರಾಯಾ." ಅದೇ ಯಜಮಾನರು ಮಗಳಿಗೆ ಗಂಡಿನ ಮನೆಯಿಂದ ಪ್ರಸ್ತಾಪ ಬಂದಾಗ ಮೂರು ತಲೆಮಾರು ಹಿಂದಕ್ಕೆ ಹೋಗಿ ವಿಚಾರಿಸುತ್ತಾರೆ. "ಆ ಮನೆಲಿ ಎಂತಾರೂ ಇದ್ದಡಾ?" ಅಜ್ಜ ಎಷ್ಟು ವರ್ಷ ಬದುಕಿದ, ದೊಡ್ಡಪ್ಪನಿಗೆ ತಲೆ ಸರಿ ಇತ್ತೋ ಇಲ್ಲವೋ, ಅತ್ತೆಯ ಮಗನಿಗೆ ಮೂರ್ಛೆ ಬರುತ್ತಿತ್ತಂತೆ ಹೌದೇ, ಎಲ್ಲವೂ ಲೆಕ್ಕಕ್ಕೆ ಬರುತ್ತದೆ.

ಇದು ಪ್ರಯೋಗಾಲಯವಿಲ್ಲದ ವಂಶವಾಹಿ ಪರೀಕ್ಷೆ. ಜಗತ್ತಿನ ಅತಿ ಹಳೆಯ ಪರೀಕ್ಷೆಯೂ ಹೌದು. ಮದುವೆಯ ಮಾತುಕತೆಯಲ್ಲಿ ನಡೆಯುವ ಈ ವಿಚಾರಣೆಯನ್ನು ಯಾವ ಕಾನೂನೂ ತಡೆಯುವುದಿಲ್ಲ, ತಡೆಯಲು ಹೋಗುವುದೂ ಬೇಡ. ಆದರೆ ಅದೇ ಪ್ರಶ್ನೆಯನ್ನು ವಿಮಾ ಕಂಪನಿಯೋ ನೌಕರಿ ಕೊಡುವವನೋ ಕೇಳಿದಾಗ ಏನಾಗಬೇಕು? ಮೈಯಲ್ಲಿ ಇನ್ನೂ ಕಾಣಿಸಿಕೊಳ್ಳದ, ಮುಂದೆ ಎಂದಾದರೂ ಬರಬಹುದಾದ, ಬಾರದೆಯೂ ಇರಬಹುದಾದ ಕಾಯಿಲೆಯ ಹೆಸರಿನಲ್ಲಿ ಒಬ್ಬರಿಗೆ ಪಾಲಿಸಿ ಅಥವಾ ನೌಕರಿ ನಿರಾಕರಿಸಬಹುದೆ? ಅಮೆರಿಕ 2008ರಲ್ಲಿ, ಕೆನಡಾ 2017ರಲ್ಲಿ ಈ ಪ್ರಶ್ನೆಗೆ ಕಾನೂನಿನಲ್ಲೇ ಉತ್ತರ ಬರೆದಿಟ್ಟಿವೆ. ನಮ್ಮಲ್ಲಿ ಉತ್ತರ ತುಂಡು ತುಂಡಾಗಿ ಬಿದ್ದಿದೆ. ಒಂದು ತುಂಡು ಕೋರ್ಟಿನಲ್ಲಿ, ಇನ್ನೊಂದು ಸುತ್ತೋಲೆಯಲ್ಲಿ, ಮತ್ತೊಂದು ಅಂಗವಿಕಲರ ಕಾಯ್ದೆಯಲ್ಲಿ.

ಈ ತುಂಡುಗಳ ನಡುವಿನ ಸಂದು ಎಲ್ಲಿದೆ ಎಂದು ನೋಡಲು ದಿಲ್ಲಿಗೆ ಹೋಗಬೇಕಿಲ್ಲ. ಸಿದ್ದಾಪುರದ ಗಡಿ ದಾಟಿದರೆ ಸಾಗರ ತಾಲ್ಲೂಕು. ಅಲ್ಲಿನ ಹಂದಿಗೋಡು ಎಂಬ ಊರಿನ ಹೆಸರು ವೈದ್ಯಕೀಯ ಪುಸ್ತಕಗಳಲ್ಲಿದೆ. 1970ರ ದಶಕದ ನಡುವಿನಲ್ಲಿ ಆ ಭಾಗದ ದಲಿತ ಕೂಲಿಕಾರ ಕುಟುಂಬಗಳಲ್ಲಿ ಸೊಂಟದ ಕೀಲು, ಮಂಡಿ ಸವೆದು ನಡೆಯಲಾಗದಂತೆ ಮಾಡುವ ಕಾಯಿಲೆಯೊಂದು ಹೊರಗಿನವರ ಗಮನಕ್ಕೆ ಬಂತು. ಕೆಲವರಲ್ಲಿ ಮೈಯೂ ಬೆಳೆಯದೆ ಗಿಡ್ಡವಾಗಿಯೇ ಉಳಿಯುತ್ತಿತ್ತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ತಜ್ಞರು ಬಂದು ನೋಡಿ, ಇದನ್ನು ಮಲೆನಾಡಿನ ಕೌಟುಂಬಿಕ ಸಂಧಿವಾತ ಎಂದು ಕರೆದರು. ಮೊದಲು ಅನುಮಾನ ಹೋದದ್ದು ಗದ್ದೆಯ ಏಡಿಗಳ ಮೇಲೆ. ಕೀಟನಾಶಕ ಬಿದ್ದ ಗದ್ದೆಯ ಏಡಿ ತಿಂದದ್ದರಿಂದ ಹೀಗಾಗಿದೆಯೇ ಎಂಬ ತರ್ಕ ಆ ಕಾಲಕ್ಕೆ ಸಹಜವಾಗಿತ್ತು. ಆಮೇಲೆ ವಂಶವೃಕ್ಷಗಳನ್ನು ಬರೆದು ನೋಡಿದಾಗ ಬೇರೆಯದೇ ಚಿತ್ರ ಸಿಕ್ಕಿತು. ಕಾಯಿಲೆ ತಂದೆ ಅಥವಾ ತಾಯಿಯಿಂದ ನೇರವಾಗಿ ಮಕ್ಕಳಿಗೆ ಇಳಿಯುತ್ತಿತ್ತು. ವಂಶವಾಹಿಯ ಒಂದು ದೋಷಪೂರ್ಣ ಪ್ರತಿ ಸಾಕು, ಕಾಯಿಲೆ ಬರುತ್ತದೆ. ಹುಟ್ಟುವ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ.

ಈ ಕಾಯಿಲೆಯವರನ್ನು ನಮ್ಮ ಕಾನೂನು ಪೂರ್ತಿ ಕೈಬಿಟ್ಟಿಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಚಲನ ವೈಕಲ್ಯವಿದೆ, ಕುಬ್ಜತೆ ಇದೆ, ಸ್ನಾಯುಕ್ಷಯವಿದೆ. ಹಿಮೋಫಿಲಿಯಾ, ಥಲಸ್ಸೀಮಿಯಾ, ಕುಡುಗೋಲು ಕಣ ಕಾಯಿಲೆಗಳೂ ಇವೆ. ಆ ಕಾಯ್ದೆಯ 20ನೇ ಕಲಂ ಸರ್ಕಾರಿ ಸಂಸ್ಥೆಗಳು ನೌಕರಿಯಲ್ಲಿ ಅಂಗವೈಕಲ್ಯದ ಕಾರಣಕ್ಕೆ ತಾರತಮ್ಯ ಮಾಡಬಾರದು ಎನ್ನುತ್ತದೆ. ನೌಕರಿಯಲ್ಲಿದ್ದಾಗ ಅಂಗವಿಕಲರಾದವರನ್ನು ಮನೆಗೆ ಕಳಿಸುವಂತಿಲ್ಲ ಎಂದೂ ಹೇಳುತ್ತದೆ. ಒಳ್ಳೆಯದೇ. ಆದರೆ ಅಂಥ ರೋಗಿಯ ಮಗಳನ್ನು ಕಲ್ಪಿಸಿಕೊಳ್ಳಿ. ಚೆನ್ನಾಗಿ ನಡೆಯುತ್ತಾಳೆ, ಓಡುತ್ತಾಳೆ, ಪಿಯುಸಿ ಓದುತ್ತಿದ್ದಾಳೆ. ಅವಳೊಳಗೆ ಆ ಪ್ರತಿ ಇರಬಹುದು, ಇಲ್ಲದಿರಬಹುದು. ಅವಳು ಅಂಗವಿಕಲೆಯಲ್ಲ, ಹಾಗಾಗಿ ಆ ಕಾಯ್ದೆ ಅವಳಿಗೆ ಅನ್ವಯಿಸುವುದಿಲ್ಲ. ರೋಗಿಯೂ ಅಲ್ಲ. ಊರಿನ ಹೆಸರು ಕೇಳಿದೊಡನೆ ಯಾರಾದರೂ ಹಿಂದೆ ಸರಿದರೆ ಅವಳ ಪರವಾಗಿ ನಿಲ್ಲುವ ಕಲಂ ನಮ್ಮ ಕಾನೂನಿನಲ್ಲಿ ಇಲ್ಲ.

ಕಾಯಿಲೆ ಬಂದವರಿಗೆ ಕಾನೂನಿದೆ, ಬಾರದವರಿಗೆ ಕಾನೂನು ಬೇಕಿಲ್ಲ ಎಂದು ನಾವು ಅಂದುಕೊಂಡಿದ್ದೆವು. ಇವರಿಬ್ಬರ ನಡುವೆ ಮೂರನೆಯ ಗುಂಪೊಂದನ್ನು ತಳಿವಿಜ್ಞಾನ ಹುಟ್ಟಿಸಿದೆ.

ಈ ಮೂರನೆಯವರು ಎಷ್ಟು ಜನ? ಒಂದೇ ಒಂದು ಉದಾಹರಣೆ ಕೊಡುತ್ತೇನೆ. ಹೃದಯದ ಸ್ನಾಯು ಸಂಕುಚಿಸಲು ಬೇಕಾದ ಪ್ರೋಟೀನೊಂದರ ವಂಶವಾಹಿಗೆ ಎಂವೈಬಿಪಿಸಿ3 ಎಂದು ಹೆಸರು. ಅದರಲ್ಲಿ 25 ಅಕ್ಷರಗಳು ಬಿಟ್ಟುಹೋದ ರೂಪವೊಂದು ದಕ್ಷಿಣ ಏಷ್ಯಾದ ಜನರಲ್ಲಿ ಸುಮಾರು ಶೇ. 4ರಷ್ಟು ಮಂದಿಯಲ್ಲಿದೆ ಎಂದು ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯ ಕೆ. ತಂಗರಾಜ್ ಮತ್ತು ಸಂಗಡಿಗರು 2009ರಲ್ಲಿ 'ನೇಚರ್ ಜೆನೆಟಿಕ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಈ ಸರಾಸರಿಯನ್ನೇ ಹಿಡಿದರೆ, ಶಿರಸಿಯ ಮಾರಿಕಾಂಬಾ ಜಾತ್ರೆಯ ಸಾಲಿನಲ್ಲಿ ನೂರು ಜನ ನಿಂತರೆ ನಾಲ್ವರು. ಅವರಿಗೆ ಹೃದಯದ ಸ್ನಾಯುವಿನ ಕಾಯಿಲೆ ಬರುವ ಸಂಭವ ಉಳಿದವರಿಗಿಂತ ಸುಮಾರು 7 ಪಟ್ಟು ಹೆಚ್ಚು ಎಂದು ಆ ಅಧ್ಯಯನ ಅಂದಾಜಿಸಿತು. 7 ಪಟ್ಟು ಎಂದರೆ ಗಾಬರಿಯಾಗುತ್ತದೆ. ಆದರೆ ಮೂಲ ಸಂಭವವೇ ಸಣ್ಣದು. ಈ ರೂಪ ಹೊತ್ತವರಲ್ಲಿ ಎಷ್ಟೋ ಮಂದಿ ಏನೂ ಆಗದೆ ಮುಪ್ಪಾಗುತ್ತಾರೆ. ಅಡಿಕೆ ಬೆಳೆಯುವವರಿಗೆ ಇದು ಬೇಗ ಅರ್ಥವಾದೀತು: ಕೊಳೆರೋಗದ ಬೀಜಾಣು ತೋಟದಲ್ಲಿ ಇದ್ದೇ ಇರುತ್ತದೆ, ಆದರೆ ಕೊಳೆ ಬರಬೇಕಾದರೆ ಬಿಡದ ಮಳೆ, ಮಂಜು, ತಪ್ಪಿದ ಬೋರ್ಡೋ ಸಿಂಪಡಣೆ ಎಲ್ಲ ಕೂಡಿ ಬರಬೇಕು.

ಒಂದು ತುಂಡು ಕೋರ್ಟಿನಲ್ಲಿದೆ ಎಂದೆನಲ್ಲ, ದಿಲ್ಲಿಯ ಆ ಪ್ರಕರಣ ಹೃದಯದ ಸ್ನಾಯು ದಪ್ಪಗಾಗುವ ಇಂಥದೇ ಕಾಯಿಲೆಯದು. ಯುನೈಟೆಡ್ ಇಂಡಿಯಾ ಇನ್ಶೂರೆನ್ಸ್ ಕಂಪನಿಯ ಪಾಲಿಸಿ ಹೊಂದಿದ್ದ ಒಬ್ಬರು ವರ್ಷ ವರ್ಷವೂ ನವೀಕರಿಸುತ್ತ ಬಂದಿದ್ದರು. ಹಿಂದಿನ ಆಸ್ಪತ್ರೆ ವೆಚ್ಚಗಳನ್ನು ಕಂಪನಿ ಕೊಟ್ಟೂ ಇತ್ತು. 2011ರಲ್ಲಿ ಮತ್ತೆ ಆಸ್ಪತ್ರೆ ಸೇರಿದಾಗ ಕ್ಲೇಮು ತಿರಸ್ಕಾರವಾಯಿತು. ಪಾಲಿಸಿಯೊಳಗೆ ಸದ್ದಿಲ್ಲದೆ ಸೇರಿಕೊಂಡಿದ್ದ ಒಂದು ಷರತ್ತು ಆನುವಂಶಿಕ ಕಾಯಿಲೆಗಳಿಗೆ ಹಣ ಸಿಗದು ಎನ್ನುತ್ತಿತ್ತು. ಯಾವ ಕಾಯಿಲೆ ಆನುವಂಶಿಕ, ಅದನ್ನು ಯಾವ ಪರೀಕ್ಷೆಯಿಂದ ತೀರ್ಮಾನಿಸಬೇಕು ಎಂಬ ವಿವರಣೆ ಇರಲಿಲ್ಲ.

ಪ್ರಕರಣ ದಿಲ್ಲಿ ಹೈಕೋರ್ಟಿಗೆ ಬಂದಾಗ ತೀರ್ಪು ಬರೆದವರು ನ್ಯಾಯಮೂರ್ತಿ ಪ್ರತಿಭಾ ಎಂ. ಸಿಂಗ್. ಬೆಂಗಳೂರಿನ ಯೂನಿವರ್ಸಿಟಿ ಲಾ ಕಾಲೇಜಿನಲ್ಲಿ ಕಾನೂನು ಓದಿದವರು. 2018ರ ಫೆಬ್ರವರಿ 26ರ ಆ ತೀರ್ಪು ಭಾರತದಲ್ಲಿ ಈ ವಿಷಯಕ್ಕೆ ತಳಪಾಯ. ಅದರ ತಿರುಳು ಇಷ್ಟು. ಆರೋಗ್ಯ ವಿಮೆ ಪಡೆಯುವ ಹಕ್ಕು ಸಂವಿಧಾನದ 21ನೇ ವಿಧಿಯಡಿ ಬರುವ ಆರೋಗ್ಯದ ಹಕ್ಕಿನ ಭಾಗ. ಸರಿಯಾದ ವಂಶವಾಹಿ ಪರೀಕ್ಷೆಯೂ ಇಲ್ಲದೆ, ಅರ್ಥವಾಗುವ ವಿಂಗಡಣೆಯೂ ಇಲ್ಲದೆ, ವಂಶದ ಬಳುವಳಿಯೊಂದನ್ನೇ ನೆವವಾಗಿಸಿ ಹೊರಗಿಡುವುದು 14ನೇ ವಿಧಿಯ ಸಮಾನತೆಗೆ ವಿರುದ್ಧ. ಅಂಥ ಷರತ್ತು ಅತಿ ವಿಶಾಲ, ಅಸ್ಪಷ್ಟ, ತಾರತಮ್ಯದ್ದು.

ನ್ಯಾಯಮೂರ್ತಿಯವರ ತರ್ಕದಲ್ಲಿ ವಿಜ್ಞಾನವೂ ಗಟ್ಟಿಯಾಗಿದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಅನೇಕ ಕ್ಯಾನ್ಸರುಗಳು, ಇವುಗಳಲ್ಲಿ ವಂಶದ ಪಾಲಿಲ್ಲದ್ದು ಯಾವುದು? ಷರತ್ತನ್ನು ಅಕ್ಷರಶಃ ಹಿಡಿದರೆ ಮರದಿಂದ ಬಿದ್ದು ಕಾಲು ಮುರಿದುಕೊಂಡವರಿಗೆ ಮಾತ್ರ ವಿಮೆ. (ಅಡಿಕೆ ಮರ ಹತ್ತುವ ಕೊನೆಗೌಡರ ಮೂಳೆ ಪೆಡಸಾಗಿದ್ದೂ ಅಪ್ಪನಿಂದ ಬಂದದ್ದು ಎಂದು ಕಂಪನಿಯ ವಕೀಲರು ಹೊಳೆಯಿಸಿಕೊಂಡರೆ ಅದೂ ಇಲ್ಲ.)

ತೀರ್ಪು ಬಂದು ಮೂರು ವಾರದೊಳಗೆ, 2018ರ ಮಾರ್ಚ್ 19ರಂದು, ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ ಎಲ್ಲ ಕಂಪನಿಗಳಿಗೂ ಸುತ್ತೋಲೆ ಕಳಿಸಿತು: ಆನುವಂಶಿಕ ಕಾಯಿಲೆ ಎಂಬ ಷರತ್ತನ್ನು ತೋರಿಸಿ ಯಾವ ಕ್ಲೇಮನ್ನೂ ತಿರಸ್ಕರಿಸಬೇಡಿ, ಹೊಸ ಪಾಲಿಸಿಗಳಲ್ಲಿ ಅಂಥ ಷರತ್ತು ಹಾಕಬೇಡಿ. 2019ರ ಸೆಪ್ಟೆಂಬರಿನ ಮಾರ್ಗಸೂಚಿ ಇದನ್ನೇ ಇನ್ನಷ್ಟು ಬಿಗಿ ಮಾಡಿತು. ನಡುವೆ ಕಂಪನಿ ಸುಪ್ರೀಂ ಕೋರ್ಟಿಗೆ ಹೋಗಿತ್ತು. 2018ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಆ ಪಾಲಿಸಿದಾರರಿಗೆ ಸಿಗಬೇಕಾದ ಹಣದ ತಂಟೆಗೆ ಹೋಗದೆ, ಷರತ್ತೇ ಅಸಿಂಧು ಎಂಬ ವಿಶಾಲ ಭಾಗಕ್ಕೆ ತಡೆ ಕೊಟ್ಟಿತು. ಅಂದರೆ ಇವತ್ತು ಜನರನ್ನು ಕಾಯುತ್ತಿರುವುದು ಸಂಸತ್ತು ಮಾಡಿದ ಕಾಯ್ದೆಯಲ್ಲ, ಪ್ರಾಧಿಕಾರದ ನಿಯಮ. ನಿಯಮವನ್ನು ಬರೆದವರು ನಾಳೆ ತಿದ್ದಲೂಬಹುದು.

ಅದರಲ್ಲೂ ಒಂದು ಮಿತಿಯಿದೆ. ನಿಯಮ ಮಾತಾಡುವುದು ಮುಖ್ಯವಾಗಿ ಷರತ್ತು ಮತ್ತು ಕ್ಲೇಮಿನ ಬಗ್ಗೆ, ಕಾಯಿಲೆ ಬಂದು ಆಸ್ಪತ್ರೆ ಸೇರಿದ ಮೇಲಿನ ಮಾತು. ಪಾಲಿಸಿ ಕೊಡುವ ಮೊದಲೇ "ವಂಶವಾಹಿ ಪರೀಕ್ಷೆ ಮಾಡಿಸಿದ್ದೀರಾ, ಫಲಿತಾಂಶ ಕೊಡಿ" ಎಂದು ಕೇಳುವುದನ್ನು, ಉತ್ತರ ನೋಡಿ ಪ್ರೀಮಿಯಂ ಏರಿಸುವುದನ್ನು ಅಮೆರಿಕದ ಕಾಯ್ದೆಯಂತೆ ಅದು ನೇರವಾಗಿ ನಿಷೇಧಿಸುವುದಿಲ್ಲ. ಪೂರ್ವಕಾಯಿಲೆಯ ವ್ಯಾಖ್ಯೆಯನ್ನೂ ಓದಿ ನೋಡಿ. 2024ರಿಂದ ಅದರ ಕಾಯುವ ಅವಧಿ ಗರಿಷ್ಠ 48 ತಿಂಗಳಿಂದ 36 ತಿಂಗಳಿಗೆ ಇಳಿದಿದೆ, ಸಂತೋಷ. ಆದರೆ ಪಾಲಿಸಿಗೆ ಮುಂಚಿನ 36 ತಿಂಗಳಲ್ಲಿ ವೈದ್ಯರು ಪತ್ತೆ ಮಾಡಿದ ಅಥವಾ ವೈದ್ಯಕೀಯ ಸಲಹೆ ಕೊಟ್ಟ ಯಾವುದೇ "ಸ್ಥಿತಿ"ಯೂ ಅದರಲ್ಲಿ ಸೇರುತ್ತದೆ. ಆರೋಗ್ಯವಂತ ವ್ಯಕ್ತಿಯೊಬ್ಬರು ಪರೀಕ್ಷೆ ಮಾಡಿಸಿ, "ನಿಮ್ಮಲ್ಲಿ ಈ ರೂಪಾಂತರ ಇದೆ, ವರ್ಷಕ್ಕೊಮ್ಮೆ ಎಕೋ ಮಾಡಿಸಿ" ಎಂಬ ಸಲಹೆ ಪಡೆದರೆ ಅದು ಪೂರ್ವಕಾಯಿಲೆಯೇ? ಕಂಪನಿ ಹೌದೆನ್ನಬಹುದು. ನನ್ನ ಪ್ರಕಾರ ಅಲ್ಲ. ಯಾವುದು ಸರಿ ಎಂದು ಹೇಳುವ ಸಾಲು ಕಾಯ್ದೆಯಲ್ಲೇ ಇರಬೇಕಿತ್ತು.

ಇನ್ನು ನೌಕರಿಯ ಕಡೆ. ಇಲ್ಲಿ ಉತ್ತರ ಕನ್ನಡಕ್ಕೇ ಒಂದು ವಿಚಿತ್ರ ಇತಿಹಾಸವಿದೆ. ಯಲ್ಲಾಪುರ, ಹಳಿಯಾಳ, ಅಂಕೋಲೆಯ ಕಾಡಂಚಿನಲ್ಲಿರುವ ಸಿದ್ದಿಗಳು ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ತರಲ್ಪಟ್ಟವರ ಸಂತತಿ. 1987ರಲ್ಲಿ, ಕರ್ನಾಟಕದವರೇ ಆದ ಮಾರ್ಗರೆಟ್ ಆಳ್ವ ಕೇಂದ್ರದಲ್ಲಿ ಕ್ರೀಡಾ ಸಚಿವೆಯಾಗಿದ್ದಾಗ, ಭಾರತೀಯ ಕ್ರೀಡಾ ಪ್ರಾಧಿಕಾರ ವಿಶೇಷ ಪ್ರದೇಶ ಕ್ರೀಡಾ ಯೋಜನೆಯಡಿ ಸಿದ್ದಿ ಮಕ್ಕಳನ್ನು ಆರಿಸಿ ಓಟ, ಜಿಗಿತಗಳಿಗೆ ತರಬೇತಿ ಕೊಟ್ಟಿತು. ಆಫ್ರಿಕಾ ಮೂಲದ ಮೈಕಟ್ಟು ಒಲಿಂಪಿಕ್ ಪದಕ ತರುತ್ತದೆ ಎಂಬುದು ಅದರ ಹಿಂದಿದ್ದ ನಂಬಿಕೆ. ಯಾರ ವಂಶವಾಹಿಯನ್ನೂ ಯಾರೂ ನೋಡಿರಲಿಲ್ಲ. ನೋಡಿದ್ದು ಬಣ್ಣ, ಕೂದಲು. ಕೆಲವರು ನಿಜಕ್ಕೂ ದೇಶಕ್ಕೆ ಪದಕ ತಂದರು, ಕೆಲವರಿಗೆ ಕ್ರೀಡಾ ಕೋಟಾದಲ್ಲಿ ಸರ್ಕಾರಿ ನೌಕರಿಯೂ ಸಿಕ್ಕಿತು. 1993ರಲ್ಲಿ ಯೋಜನೆಯನ್ನು ನಿಲ್ಲಿಸಿದಾಗ ಉಳಿದವರು ಬಂದ ದಾರಿಯಲ್ಲೇ ವಾಪಸಾದರು. ವಂಶ ನೋಡಿ ಕರೆದವರು ವಂಶ ನೋಡಿ ಬಿಡಲೂ ಬಲ್ಲರು. ಅಂದು ಅನುಕೂಲಕ್ಕೆ ಬಂದ ಊಹೆ ಎಂಬ ಕಾರಣಕ್ಕೆ ಇದನ್ನು ತಾರತಮ್ಯ ಎಂದು ಯಾರೂ ಕರೆಯಲಿಲ್ಲ.

ಸಿದ್ದಿಗಳ ವಂಶವಾಹಿಯನ್ನು ನಿಜವಾಗಿ ಓದಿದ್ದು ಆಮೇಲೆ. 2011ರಲ್ಲಿ ಸಿಸಿಎಂಬಿ ತಂಡದ ಅಧ್ಯಯನ ಅವರಲ್ಲಿ ಆಫ್ರಿಕಾದ ಬಾಂಟು ಮೂಲವನ್ನೂ, ಸುಮಾರು 200 ವರ್ಷಗಳ ಈಚೆಗೆ ಸ್ಥಳೀಯರೊಂದಿಗೆ ಆದ ಬೆರಕೆಯನ್ನೂ ತೋರಿಸಿತು. ಅಷ್ಟು ಹೊತ್ತಿಗೆ, 2003ರಲ್ಲಿ, ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದರು. ಪರಿಶಿಷ್ಟ ಪಂಗಡಗಳಿಗೆ ಈಗ ಮತ್ತೊಂದು ಬಗೆಯ ಪರೀಕ್ಷೆ ಬಂದಿದೆ. 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಪ್ರಧಾನಿ ಉದ್ಘಾಟಿಸಿದ ಕುಡುಗೋಲು ಕಣ ರಕ್ತಹೀನತೆ ನಿರ್ಮೂಲನಾ ಮಿಷನ್ ಕರ್ನಾಟಕವೂ ಸೇರಿ 17 ರಾಜ್ಯಗಳಲ್ಲಿ 40 ವರ್ಷದೊಳಗಿನ 7 ಕೋಟಿ ಜನರನ್ನು ಪರೀಕ್ಷಿಸಲು ಹೊರಟಿದೆ. 2047ರೊಳಗೆ ಕಾಯಿಲೆಯನ್ನು ತೊಲಗಿಸುವುದು ಗುರಿ. ಪರೀಕ್ಷೆ ಮಾಡಿಸಿಕೊಂಡವರಿಗೆ ಅವರ ಆನುವಂಶಿಕ ಸ್ಥಿತಿಯನ್ನು ತಿಳಿಸುವ ಕಾರ್ಡು ಸಿಗುತ್ತದೆ. ಮದುವೆಗೆ ಮೊದಲು ಕಾರ್ಡು ಹೊಂದಿಸಿ ನೋಡಿ ಎಂಬ ಪ್ರಚಾರವೂ ನಡೆದಿದೆ.

ಮಿಷನ್ ಬೇಕೇ ಬೇಕು. ಹಿಮೋಗ್ಲೋಬಿನ್ನಿನ ಒಂದು ಸರಪಳಿಯಲ್ಲಿ ಆರನೇ ಸ್ಥಾನದ ಗ್ಲುಟಾಮಿಕ್ ಆಮ್ಲದ ಜಾಗದಲ್ಲಿ ವ್ಯಾಲೀನ್ ಬಂದು ಕೂತಿತೆಂದರೆ ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುತ್ತದೆ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಬೀಳುತ್ತದೆ, ಮೂಳೆ ಸೀಳುವಂಥ ನೋವು ಕೊಡುತ್ತದೆ. ಮಕ್ಕಳಲ್ಲಿ ಬೇಗ ಪತ್ತೆಯಾದರೆ ಜೀವ ಉಳಿಯುತ್ತದೆ. ಆದರೆ ಕಾಯಿಲೆ ಬರಲು ತಂದೆ, ತಾಯಿ ಇಬ್ಬರಿಂದಲೂ ಆ ಪ್ರತಿ ಬರಬೇಕು. ಒಂದೇ ಪ್ರತಿ ಇದ್ದವರು ವಾಹಕರು ಮಾತ್ರ. ಅವರು ಸಾಮಾನ್ಯವಾಗಿ ಆರೋಗ್ಯವಂತರು, ತೀವ್ರ ಮಲೇರಿಯಾದಿಂದ ಅವರಿಗೆ ಒಂದಿಷ್ಟು ರಕ್ಷಣೆಯೂ ಇದೆ. ಚಳಿಜ್ವರದ ನಾಡುಗಳಲ್ಲಿ ಈ ರೂಪ ಉಳಿದುಬಂದದ್ದೇ ಆ ಕಾರಣಕ್ಕೆ. ಕಾರ್ಡಿನ ಮೇಲೆ ವಾಹಕ ಎಂದು ಬರೆದದ್ದನ್ನು ನೋಡುವ ಗುತ್ತಿಗೆದಾರ, ಸೆಕ್ಯುರಿಟಿ ಏಜೆನ್ಸಿಯ ಮ್ಯಾನೇಜರ್, ಅಥವಾ ದೈಹಿಕ ಪರೀಕ್ಷೆ ಮಾಡುವ ಅಧಿಕಾರಿ ವಾಹಕನಿಗೂ ರೋಗಿಗೂ ಇರುವ ವ್ಯತ್ಯಾಸ ಬಲ್ಲರೇ?

ಅಮೆರಿಕನ್ನರಿಗೆ ಗೊತ್ತಿರಲಿಲ್ಲ. 1972ರಲ್ಲಿ ಅಲ್ಲಿ ಕುಡುಗೋಲು ಕಣ ನಿಯಂತ್ರಣ ಕಾಯ್ದೆ ಬಂತು, ಕರಿಯ ಜನರ ಸಾಮೂಹಿಕ ಪರೀಕ್ಷೆ ಶುರುವಾಯಿತು. ಕೆಲವು ರಾಜ್ಯಗಳು ಅದನ್ನು ಕಡ್ಡಾಯವನ್ನೂ ಮಾಡಿದವು. ಉದ್ದೇಶ ಒಳ್ಳೆಯದಿತ್ತು. ಆದದ್ದೇನೆಂದರೆ ವಾಹಕರನ್ನೂ ರೋಗಿಗಳ ಸಾಲಿಗೆ ಸೇರಿಸಿ ಕೆಲವರಿಗೆ ನೌಕರಿ ತಪ್ಪಿತು, ಕೆಲವರ ವಿಮೆಯ ಪ್ರೀಮಿಯಂ ಏರಿತು. ವಾಯುಪಡೆಯ ಅಕಾಡೆಮಿ ವಾಹಕರನ್ನು 1981ರವರೆಗೆ ಸೇರಿಸಿಕೊಳ್ಳಲಿಲ್ಲ. ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯ ತನ್ನ ಕರಿಯ ನೌಕರರ ರಕ್ತವನ್ನು ಅವರಿಗೆ ಹೇಳದೆಯೇ ಈ ಗುಣಕ್ಕಾಗಿ ಪರೀಕ್ಷಿಸಿತ್ತೆಂಬ ಮೊಕದ್ದಮೆಯಲ್ಲಿ 1998ರಲ್ಲಿ ಮೇಲ್ಮನವಿ ನ್ಯಾಯಾಲಯ ನೌಕರರ ಪರ ನಿಂತಿತು. ಬರ್ಲಿಂಗ್ಟನ್ ನಾರ್ದರ್ನ್ ಎಂಬ ರೈಲು ಕಂಪನಿ ಮಣಿಕಟ್ಟಿನ ನೋವಿಗೆ ಪರಿಹಾರ ಕೇಳಿದ ಕಾರ್ಮಿಕರ ರಕ್ತವನ್ನು ಗುಟ್ಟಾಗಿ ವಂಶವಾಹಿ ಪರೀಕ್ಷೆಗೆ ಕಳಿಸಿತ್ತು. ನೋವು ಕೆಲಸದಿಂದ ಬಂದದ್ದಲ್ಲ, ಹುಟ್ಟಿನಿಂದ ಬಂದದ್ದು ಎಂದು ಸಾಧಿಸುವುದು ಅದರ ಉಪಾಯ. 2002ರಲ್ಲಿ 22 ಲಕ್ಷ ಡಾಲರ್ ಕೊಟ್ಟು ರಾಜಿಯಾಯಿತು.

ಹುಟ್ಟಿನಿಂದ ಬಂದದ್ದು, ಹಾಗಾಗಿ ನಮ್ಮ ಹೊಣೆಯಲ್ಲ. ಈ ವಾದ ನಮ್ಮ ಸೈನಿಕರಿಗೂ ಹೊಸತಲ್ಲ. ಸೇವೆಯಲ್ಲಿದ್ದಾಗ ಮೂರ್ಛೆರೋಗ ಬಂದು ಮನೆಗೆ ಕಳಿಸಲ್ಪಟ್ಟ ಸೈನಿಕರೊಬ್ಬರಿಗೆ, ಅದು ದೇಹಪ್ರಕೃತಿಯದೇ ದೋಷ, ಸೇವೆಗೆ ಸಂಬಂಧಿಸಿದ್ದಲ್ಲ ಎಂದು ಅಂಗವೈಕಲ್ಯ ಪಿಂಚಣಿ ನಿರಾಕರಿಸಲಾಗಿತ್ತು. 2013ರ ಜುಲೈನಲ್ಲಿ ಧರಮ್‌ವೀರ್ ಸಿಂಗ್ ಪ್ರಕರಣ ಎಂದೇ ಹೆಸರಾದ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಹೇಳಿತು: ಸೇರಿಸಿಕೊಳ್ಳುವಾಗ ದೋಷವೇನನ್ನೂ ದಾಖಲಿಸದಿದ್ದರೆ ಕಾಯಿಲೆ ಸೇವೆಯಿಂದಲೇ ಬಂದದ್ದೆಂದು ಭಾವಿಸಬೇಕು, ಅಲ್ಲವೆಂದು ಸಾಧಿಸುವ ಹೊರೆ ಸರ್ಕಾರದ್ದು. ವಂಶವಾಹಿ ಎಂಬ ಮಾತನ್ನು ಬಳಸದೆಯೂ ನ್ಯಾಯಾಲಯ ತಳಿವಿಜ್ಞಾನದ ಒಂದು ಮುಖ್ಯ ಪ್ರಶ್ನೆಗೆ ಉತ್ತರ ಕೊಟ್ಟಿತು. ಆದರೆ ಇದು ಸೇನೆಯ ಪಿಂಚಣಿ ನಿಯಮಗಳ ವ್ಯಾಪ್ತಿಯದು. ಬೆಂಗಳೂರಿನ ಕಂಪನಿಯೊಂದಕ್ಕೆ ಅರ್ಜಿ ಹಾಕುವ ಯಲ್ಲಾಪುರದ ಹುಡುಗನಿಗೆ ಅನ್ವಯಿಸದು. ಸಂವಿಧಾನದ 16ನೇ ವಿಧಿ ಸರ್ಕಾರಿ ನೌಕರಿಯಲ್ಲಿ ತಾರತಮ್ಯ ಮಾಡಬಾರದ ಕಾರಣಗಳ ಪಟ್ಟಿಯಲ್ಲಿ ಜಾತಿ, ಲಿಂಗಗಳ ಜೊತೆಗೆ ವಂಶವನ್ನೂ ಹೆಸರಿಸುತ್ತದೆ. ಜಾಣ ವಕೀಲರು ಇದನ್ನು ವಂಶವಾಹಿಯವರೆಗೂ ಎಳೆಯಬಹುದು, ಎಳೆಯಲಿ ಎಂದೇ ನನ್ನ ಆಸೆ. ಖಾಸಗಿ ಕಂಪನಿಯ ಬಾಗಿಲಲ್ಲಿ ಆ ವಿಧಿಯೂ ನಿಂತುಬಿಡುತ್ತದೆ.

ಅಮೆರಿಕದ ಕಾಯ್ದೆಗೆ ಜಿನಾ ಎಂದು ಹೆಸರು. 1995ರಲ್ಲಿ ಮೊದಲು ಮಂಡನೆಯಾಗಿ, 13 ವರ್ಷ ಸುತ್ತಾಡಿ, 2008ರ ಮೇ 21ರಂದು ಅಧ್ಯಕ್ಷ ಬುಷ್ ಸಹಿ ಹಾಕಿದರು. ಕೆಳಮನೆಯಲ್ಲಿ ವಿರೋಧಿಸಿದ್ದು ಒಂದೇ ಮತ, ಮೇಲ್ಮನೆಯಲ್ಲಿ ಒಂದೂ ಇಲ್ಲ. ಆರೋಗ್ಯ ವಿಮಾ ಕಂಪನಿ ಮತ್ತು ಮಾಲೀಕರು ವಂಶವಾಹಿ ಮಾಹಿತಿಯನ್ನು ಕೇಳುವಂತಿಲ್ಲ, ಸಿಕ್ಕರೂ ಬಳಸುವಂತಿಲ್ಲ. ಕುಟುಂಬದ ಕಾಯಿಲೆಗಳ ಚರಿತ್ರೆಯೂ ಆ ಮಾಹಿತಿಯ ಭಾಗ ಎಂದು ಕಾಯ್ದೆ ಒಪ್ಪುತ್ತದೆ. ಇದೇ ಅದರ ನಿಜವಾದ ಜಾಣತನ, ಏಕೆಂದರೆ ಹೆಚ್ಚಿನ ತಾರತಮ್ಯ ನಡೆಯುವುದು ಪ್ರಯೋಗಾಲಯದ ವರದಿಯಿಂದಲ್ಲ, "ನಿಮ್ಮ ಅಪ್ಪ ಎಷ್ಟಕ್ಕೆ ತೀರಿಕೊಂಡರು" ಎಂಬ ಪ್ರಶ್ನೆಯಿಂದ. ಅದರಡಿ ದೊಡ್ಡ ಪರಿಹಾರ ಸಿಕ್ಕ ಒಂದು ಪ್ರಕರಣಕ್ಕೆ ಕಾಯಿಲೆಯ ಸಂಬಂಧವೇ ಇಲ್ಲ ಎಂಬುದು ತಮಾಷೆ. ಅಟ್ಲಾಂಟಾದ ದಿನಸಿ ಗೋದಾಮೊಂದರಲ್ಲಿ ಯಾರೋ ಕಂಡಲ್ಲಿ ಮಲ ವಿಸರ್ಜಿಸುತ್ತಿದ್ದರು. ಯಾರೆಂದು ಪತ್ತೆ ಮಾಡಲು ಮಾಲೀಕರು ಇಬ್ಬರು ನೌಕರರ ಕೆನ್ನೆಯೊಳಗಿನ ಮಾದರಿ ತೆಗೆಸಿದರು. ಅವರಲ್ಲವೆಂದು ತಿಳಿಯಿತು. 2015ರಲ್ಲಿ ಜ್ಯೂರಿ ಅವರಿಬ್ಬರಿಗೆ 22 ಲಕ್ಷ ಡಾಲರಿಗೂ ಹೆಚ್ಚು ಕೊಡಿಸಿತು.

ಜಿನಾದಲ್ಲೂ ತೂತುಗಳಿವೆ. ಜೀವವಿಮೆಗೆ ಅದು ಅನ್ವಯಿಸದು, 15ಕ್ಕಿಂತ ಕಡಿಮೆ ನೌಕರರಿರುವ ಕಡೆಗೂ ಇಲ್ಲ. ಅಮೆರಿಕದಲ್ಲಿರುವ ನಮ್ಮ ಹುಡುಗರು ಇದನ್ನು ತಿಳಿದಿರುವುದು ಒಳ್ಳೆಯದು. ಜೊಲ್ಲು ಕಳಿಸಿ ವಂಶಮೂಲ ತಿಳಿಯುವ ಕಿಟ್ ಅಲ್ಲಿ ಹಬ್ಬದ ಉಡುಗೊರೆಯಷ್ಟು ಸಲೀಸು. ಸುಮಾರು 1.5 ಕೋಟಿ ಗ್ರಾಹಕರಿದ್ದ 23ಆಂಡ್‌ಮಿ ಕಂಪನಿ 2025ರ ಮಾರ್ಚಿನಲ್ಲಿ ದಿವಾಳಿ ಅರ್ಜಿ ಹಾಕಿದಾಗ ಆ ಮಾಹಿತಿಯೆಲ್ಲ ಯಾರ ಕೈಗೆ ಹೋಗುತ್ತದೆ ಎಂಬ ಗಾಬರಿ ಹುಟ್ಟಿತು. ಮಗ ಸ್ಯಾನ್ ಹೋಸೆಯಲ್ಲಿ ಜೊಲ್ಲು ಕೊಟ್ಟರೆ ಹೆಗಡೆಕಟ್ಟಾದಲ್ಲಿರುವ ಅಪ್ಪನ ಅರ್ಧ ವಂಶವಾಹಿಯೂ ಅದರಲ್ಲಿ ಹೋಯಿತು. ಅಪ್ಪನ ಒಪ್ಪಿಗೆಯನ್ನು ಯಾರೂ ಕೇಳುವುದಿಲ್ಲ.

ಒಪ್ಪಿಗೆಯ ಮಾತು ಬಂದಾಗ ಕನ್ನಡಿಗರೊಬ್ಬರನ್ನು ನೆನೆಯಲೇಬೇಕು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಇಳಿವಯಸ್ಸಿನಲ್ಲಿ ಹೂಡಿದ ಮೊಕದ್ದಮೆಯಿಂದಾಗಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಸಾರಿತು. ಅದರ ಬೆನ್ನಿಗೆ ಬಂದ 2019ರ ಮಾಹಿತಿ ರಕ್ಷಣಾ ಮಸೂದೆಯಲ್ಲಿ ವಂಶವಾಹಿ ಮಾಹಿತಿ ಎಂಬುದು ಸೂಕ್ಷ್ಮ ಮಾಹಿತಿಯ ಪಟ್ಟಿಯಲ್ಲಿ ಹೆಸರು ಸಮೇತ ಇತ್ತು. ಕೊನೆಗೆ 2023ರಲ್ಲಿ ಕಾಯ್ದೆಯಾಗಿ ಬಂದಾಗ ಸೂಕ್ಷ್ಮ ಮಾಹಿತಿ ಎಂಬ ವರ್ಗವೇ ಮಾಯವಾಗಿತ್ತು. ನಿಮ್ಮ ಮೊಬೈಲ್ ಸಂಖ್ಯೆಗೆ ಸಿಗುವ ರಕ್ಷಣೆಯೇ ನಿಮ್ಮ ವಂಶವಾಹಿಗೂ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರದ ನೇತೃತ್ವದಲ್ಲಿ 'ಜೀನೋಮ್ ಇಂಡಿಯಾ' ಯೋಜನೆ 83 ಜನಸಮುದಾಯಗಳ ಸುಮಾರು 10 ಸಾವಿರ ಜನರ ಜೀನೋಮ್ ಓದಿ ಮುಗಿಸಿದ ಹೊತ್ತಿನಲ್ಲಿ ಇದು ಸಣ್ಣ ಲೋಪವಲ್ಲ. ಒಳಬಾಂಧವ್ಯದ ಮದುವೆಗಳ ನಮ್ಮ ದೇಶದಲ್ಲಿ ಒಬ್ಬರ ಜಾತಿಯ ಹೆಸರೇ ಅರ್ಧ ವರದಿ. ಆರ್ಯವೈಶ್ಯರಲ್ಲಿ ಶಸ್ತ್ರಚಿಕಿತ್ಸೆಯ ವೇಳೆ ಕೊಡುವ ಒಂದು ಸ್ನಾಯುಸಡಿಲಕ ಬೇಗ ಕರಗದಿರುವ ಗುಣ ಹೆಚ್ಚು. ಅರಿವಳಿಕೆ ಕೊಡುವ ವೈದ್ಯರು ಜಾತಿ ಕೇಳಿದರೆ ಅದು ಜೀವ ಉಳಿಸುವ ಪ್ರಶ್ನೆ. ಅದೇ ಪ್ರಶ್ನೆಯನ್ನು ವಿಮಾ ಕಂಪನಿ ಕೇಳಿದರೆ ಬೇರೆ.

ಕಂಪನಿಗಳ ವಾದಕ್ಕೂ ಒಂದು ತೂಕವಿದೆ, ಅದನ್ನು ತಳ್ಳಿಹಾಕಬಾರದು. ಕಾಯಿಲೆ ಬರುತ್ತದೆಂದು ನನಗೆ ಗೊತ್ತು, ಕಂಪನಿಗೆ ಗೊತ್ತಿಲ್ಲ ಎಂದಾದರೆ ನಾನು ದೊಡ್ಡ ಪಾಲಿಸಿ ಕೊಳ್ಳುತ್ತೇನೆ. ಅಂಥವರೇ ಸೇರಿದರೆ ಪ್ರೀಮಿಯಂ ಏರುತ್ತದೆ, ಆರೋಗ್ಯವಂತರು ಬಿಟ್ಟುಹೋಗುತ್ತಾರೆ. ಕೋಟಿಗಟ್ಟಲೆಯ ಜೀವವಿಮೆಯಲ್ಲಿ ಈ ಭಯ ನಿಜ. ಹಾಗಾಗಿಯೇ ಬ್ರಿಟನ್ನಿನಲ್ಲಿ 5 ಲಕ್ಷ ಪೌಂಡ್ ಮೀರಿದ ಜೀವವಿಮೆಗೆ ಹಂಟಿಂಗ್ಟನ್ ಕಾಯಿಲೆಯ ಪರೀಕ್ಷಾ ಫಲಿತಾಂಶವೊಂದನ್ನು ಮಾತ್ರ ಕೇಳಲು ಬಿಟ್ಟಿದ್ದಾರೆ. ಆದರೆ ಆಸ್ಪತ್ರೆ ಖರ್ಚಿನ ವಿಮೆಯಲ್ಲಿ ಈ ಭಯಕ್ಕೆ ಮದ್ದು ಪರೀಕ್ಷೆಯಲ್ಲ, ದೊಡ್ಡ ಗುಂಪು. ಅದನ್ನು ಕರ್ನಾಟಕದ ಸಹಕಾರಿ ಸಂಘಗಳು ಮಾಡಿ ತೋರಿಸಿವೆ. 2003ರ ಜೂನ್‌ನಲ್ಲಿ ಶುರುವಾದ ಯಶಸ್ವಿನಿ ಯೋಜನೆಯಲ್ಲಿ ತಲೆಗೆ ವರ್ಷಕ್ಕೆ 60 ರೂಪಾಯಿ. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. ಸೇವಾ ಸಹಕಾರಿ ಸಂಘದ ಸದಸ್ಯ ಎಂಬುದೇ ಅರ್ಹತೆಯಾಗಿತ್ತು, ಅಪ್ಪ ಎಷ್ಟಕ್ಕೆ ತೀರಿಕೊಂಡ ಎಂದು ಯಾರೂ ಕೇಳಲಿಲ್ಲ. 2018ರಲ್ಲಿ ನಿಂತ ಯೋಜನೆ 2022–23ರಲ್ಲಿ ಮತ್ತೆ ಬಂದಿದೆ, ಗ್ರಾಮೀಣ ಭಾಗದಲ್ಲಿ ನಾಲ್ಕು ಜನರ ಕುಟುಂಬಕ್ಕೆ 500 ರೂಪಾಯಿ ಎಂದು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲೂ ಪೂರ್ವಕಾಯಿಲೆಯ ತಕರಾರಿಲ್ಲ. ಬಡವರ ಯೋಜನೆಗಳು ಕೇಳದ ಪ್ರಶ್ನೆಯನ್ನು ಮಧ್ಯಮವರ್ಗದ ಪಾಲಿಸಿ ಕೇಳುತ್ತದೆ.

ಕಾಯ್ದೆ ಬರೆಯುವುದು ಕಷ್ಟವೂ ಅಲ್ಲ, ಮಾದರಿ ನಮ್ಮಲ್ಲೇ ಇದೆ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ನೌಕರಿಯಲ್ಲಿ ತಾರತಮ್ಯ ಮಾಡುವಂತಿಲ್ಲ, ಒಪ್ಪಿಗೆಯಿಲ್ಲದೆ ಪರೀಕ್ಷಿಸುವಂತಿಲ್ಲ, ಅಂಕಿಅಂಶದ ಅಧ್ಯಯನದ ಬೆಂಬಲವಿಲ್ಲದೆ ವಿಮೆ ನಿರಾಕರಿಸುವಂತಿಲ್ಲ ಎನ್ನುತ್ತದೆ. ಅದು ಖಾಸಗಿಯವರಿಗೂ ಅನ್ವಯ. ವೈರಾಣು ಹೊತ್ತವರಿಗೆ ಕೊಟ್ಟ ರಕ್ಷಣೆಯನ್ನು ವಂಶವಾಹಿ ಹೊತ್ತವರಿಗೂ ಕೊಡಲು ಸಂಸತ್ತಿಗೆ ಬೇಕಾದದ್ದು ಹತ್ತಿಪ್ಪತ್ತು ಕಲಂಗಳು. ಕುಡುಗೋಲು ಕಣದ 7 ಕೋಟಿ ಕಾರ್ಡು ಹಂಚಿ ಮುಗಿಯುವ ಮೊದಲು ಅದು ಬರಬೇಕು.

ಅಲ್ಲಿಯವರೆಗೆ ಓದುಗರು ತಾವೇ ಮಾಡಿಕೊಳ್ಳಬಹುದಾದ ಕೆಲಸ ಸ್ವಲ್ಪವಿದೆ. ಅರ್ಜಿಯಲ್ಲಿ ಸುಳ್ಳು ಬರೆಸಬೇಡಿ. ಮಾಹಿತಿ ಮುಚ್ಚಿಟ್ಟಿರಿ ಎಂಬುದು ಕಂಪನಿಗಳಿಗೆ ಆನುವಂಶಿಕ ಷರತ್ತಿಗಿಂತ ಗಟ್ಟಿ ಆಯುಧ. ಕೇಳಿದ್ದಕ್ಕೆ ನಿಜ ಹೇಳಿ, ಕೇಳದ್ದನ್ನು ಹೇಳಲು ಹೋಗಬೇಡಿ. ವಂಶವಾಹಿ ಪರೀಕ್ಷೆ ಮಾಡಿಸುವುದಿದ್ದರೆ ಮೊದಲು ಆಪ್ತಸಮಾಲೋಚಕರ ಜೊತೆ ಕೂತು ಮಾತಾಡಿ, ವರದಿ ಯಾರಿಗೆಲ್ಲ ಹೋಗುತ್ತದೆ ಎಂದು ಬರೆಸಿಕೊಳ್ಳಿ. ವಂಶದ ಕಾರಣ ಹೇಳಿ ಕ್ಲೇಮು ತಿರಸ್ಕರಿಸಿದರೆ ಬಾಯಿಮಾತಿಗೆ ಸುಮ್ಮನಾಗದೆ ಲಿಖಿತ ಉತ್ತರ ಕೇಳಿ, ಮೊದಲು ಕಂಪನಿಗೇ ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. 50 ಲಕ್ಷ ರೂಪಾಯಿವರೆಗಿನ ದೂರುಗಳನ್ನು ಅವರು ತೀರ್ಮಾನಿಸುತ್ತಾರೆ. ಶುಲ್ಕವಿಲ್ಲ, ವಕೀಲರೂ ಬೇಡ.